ಅಪ್ಪನ ಪಕ್ಕ ಎರಡು ಖಾಲಿ ಕುರ್ಚಿ ಇರಲಿ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಮುಂದಿನ ತಿಂಗಳು ನಮ್ಮ ತಂದೆಯವರ ಸಹಸ್ರಚಂದ್ರ ದರ್ಶನ ಶಾಂತಿ ಇಟ್ಟುಕೊಂಡಿದ್ದೇವೆ. ಅವರು ಮೇಷ್ಟ್ರಾಗಿದ್ದವರು. ಛತ್ರಕ್ಕೆ ಸುಮಾರು 300 ಜನ ಬರುತ್ತಾರೆ. ಅಣ್ಣ, ತಮ್ಮ ಇಬ್ಬರೂ ಬೇರೆ ಊರಿನಲ್ಲಿದ್ದಾರೆ, ಓಡಾಟವೆಲ್ಲ ನನ್ನದೇ. ಸ್ವಾಗತಕ್ಕೆ ಹುಡುಗಿಯರು, ಸೆಲ್ಫಿ ಮಂಟಪ, ಆರ್ಕೆಸ್ಟ್ರಾ ಎಲ್ಲ ನಾವೇ ಮಾಡಿಕೊಡುತ್ತೇವೆ ಅಂತ ಕಂಟ್ರಾಕ್ಟ್ ಹಿಡಿದವರು ಹೇಳುತ್ತಿದ್ದಾರೆ. ಬಂದವರು 'ಯಾರೂ ಮಾತಾಡಿಸಲಿಲ್ಲ' ಅಂತ ಬೇಜಾರು ಮಾಡಿಕೊಂಡು ಹೋಗಬಾರದು. ಏನು ಮಾಡಲಿ?"

ನಮಸ್ಕಾರ. ಮೊದಲು ನಿಮ್ಮ ತಂದೆ ತಾಯಿಗೆ ನಮ್ಮ ಬಳಗದ ಪ್ರಣಾಮ ತಿಳಿಸಿ.

ಸಹಸ್ರಚಂದ್ರ ದರ್ಶನ ಅಂದರೆ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆ ತುಂಬಲು 80 ವರ್ಷದ ಮೇಲೆ ಇನ್ನೂ ಹತ್ತು ತಿಂಗಳು ಬೇಕು. ನಿಮ್ಮ ತಂದೆಯ ಜೊತೆ ಓದಿದವರು, ಸ್ಟಾಫ್ ರೂಮಿನಲ್ಲಿ ಜೊತೆಗಿದ್ದವರು ಬಂದರೆ ಅವರಿಗೂ ಅದೇ ವಯಸ್ಸು, ಅಲ್ವಾ? ಮತ್ತೆ ಯಾವಾಗ ನೋಡುತ್ತೇವೋ ಅಂತ ಅಂದುಕೊಂಡೇ ಕೆಲವರು ಮನೆ ಬಿಟ್ಟಿರುತ್ತಾರೆ. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣ ಮುಂದೆ ಬಂದವರು ಅವರೇ.

ಅವರಿಗಾಗಿ ಒಂದು ಕೆಲಸ ಮಾಡಿ. ಹೋಮ ಮುಗಿದ ಮೇಲೆ ಅಪ್ಪ, ಅಮ್ಮನನ್ನು ವೇದಿಕೆಯ ದೊಡ್ಡ ಕುರ್ಚಿಗಳಲ್ಲಿ ಕೂರಿಸಬೇಡಿ. ಮಂಡಿ ನೋವಿನವರು ಮೆಟ್ಟಿಲು ಹತ್ತಬೇಕು, ಸಾಲಿನಲ್ಲಿ ನಿಲ್ಲಬೇಕು. ಕೈ ಹಿಡಿಯುವಷ್ಟರಲ್ಲಿ ಫೋಟೊದವರು "ಇಲ್ಲಿ ನೋಡಿ ಸಾರ್" ಅನ್ನುತ್ತಾರೆ. ಆಮೇಲೆ ಇಳಿಯಲೇಬೇಕು. ಅದರ ಬದಲು ಇಬ್ಬರನ್ನೂ ಕೆಳಗೆ, ಜನರ ನಡುವೆ ಕೂರಿಸಿ. ಪಕ್ಕದಲ್ಲಿ ಎರಡು ಕುರ್ಚಿ ಖಾಲಿ ಬಿಡಿ. ಬಂದವರು ಕೂತು ಎರಡು ಮಾತಾಡಿ ಏಳಲಿ. ಸ್ವಲ್ಪ ಜಾಸ್ತಿ ಹೊತ್ತು ಕೂತರೆ ಕೂರಲಿ ಬಿಡಿ. ಸೆಲ್ಫಿ ಮಂಟಪಕ್ಕೆ ಕೊಡುವ ದುಡ್ಡು ಉಳಿಯುತ್ತದೆ.

ಇನ್ನು ನೀವು. ಆ ದಿನ ನಿಮ್ಮ ಕೈಯಲ್ಲಿ ಒಂದು ಕೆಲಸವೂ ಇರಬಾರದು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮನೆಯ ಗೃಹಪ್ರವೇಶದ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರು. ಅವರ ಹಳೆಯ ಸಹೋದ್ಯೋಗಿಯೊಬ್ಬರು ಎರಡು ಬಸ್ಸು ಹಿಡಿದು ಬಂದಿದ್ದರು. ನಾನು ಅಡುಗೆಯವರು, ಸಿಲಿಂಡರು, ದಕ್ಷಿಣೆಯ ಚಿಲ್ಲರೆ ಅಂತ ಓಡಾಡುತ್ತಿದ್ದೆ. ಅವರನ್ನು ನೋಡಲೇ ಇಲ್ಲ. ರಾತ್ರಿ ಕವರುಗಳನ್ನು ಬಿಡಿಸುವಾಗ ಒಂದರ ಮೇಲೆ ಅವರ ಹೆಸರಿತ್ತು. ಗಾಬರಿಯಾಗಿ ಫೋನ್ ಮಾಡಿದೆ. "ಊಟ ಚೆನ್ನಾಗಿತ್ತಪ್ಪ. ನೀನು ಕೆಲಸದಲ್ಲಿದ್ದೆ, ಸುಮ್ನೆ ಯಾಕೆ ತೊಂದರೆ ಅಂತ ಬಂದ್ಬಿಟ್ಟೆ" ಅಂದರು. ಅಪ್ಪನ ಬಗ್ಗೆ ಅವರ ಹತ್ತಿರ ಎಷ್ಟು ಮಾತುಗಳಿದ್ದವೋ! ಆ ಸಂಕಟ ಇನ್ನೂ ಹೋಗಿಲ್ಲ.

ಹಾಗಾಗಿ ಬೀಗದ ಕೈ, ದುಡ್ಡಿನ ಚೀಲ, ಅಡುಗೆಯವರ ಲೆಕ್ಕ ಎಲ್ಲವನ್ನೂ ಹಿಂದಿನ ದಿನವೇ ನಂಬಿಕೆಯ ನೆಂಟರಿಗೋ ಪಕ್ಕದ ಮನೆಯವರಿಗೋ ಒಪ್ಪಿಸಿ. ನೀವು ಬಾಗಿಲಲ್ಲಿ ನಿಲ್ಲಿ. ಪನ್ನೀರು ಚಿಮುಕಿಸಲು ಹುಡುಗಿಯರು ಇದ್ದರೆ ತಪ್ಪೇನಿಲ್ಲ. ಆದರೆ ಬಂದವರು ಯಾರು ಅಂತ ಆ ಮಕ್ಕಳಿಗೆ ಗೊತ್ತಿರುವುದಿಲ್ಲ. "ಬನ್ನಿ ಮೇಷ್ಟ್ರೇ, ಕಣ್ಣಿನ ಆಪರೇಷನ್ ಆಯ್ತಂತೆ, ಈಗ ಹೇಗಿದೆ?" ಅಂತ ಕೇಳಲು ಮನೆಯವರೇ ಬೇಕು. ಹಿಂದಿನ ವಾರ ಪಟ್ಟಿ ಹಿಡಿದು ಅಪ್ಪನ ಜೊತೆ ಒಂದು ಸಂಜೆ ಕೂತರೆ ಇಂಥ ಸುದ್ದಿಯೆಲ್ಲ ಸಿಗುತ್ತದೆ. ನಿಮ್ಮದು ಮಲೆನಾಡು. ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಪದ್ಧತಿ ನಿಮಗೆ ಹೊಸದಲ್ಲ. ಛತ್ರದ ಬಾಗಿಲಲ್ಲೂ ಅದನ್ನೇ ಇಡಿ. ಸಕ್ಕರೆ ಕಾಯಿಲೆಯವರಿಗೆ ಮಜ್ಜಿಗೆ ಇರಲಿ.

ಒಬ್ಬರೇ ಬಂದವರ ಮೇಲೆ ಒಂದು ಕಣ್ಣಿಡಿ. ಮೇಷ್ಟ್ರ ಹಳೆಯ ಶಿಷ್ಯರಲ್ಲಿ ಅಂಥವರು ಖಂಡಿತ ಇರುತ್ತಾರೆ. ನೆಂಟರ ಗುಂಪುಗಳ ನಡುವೆ ಫೋನ್ ನೋಡುತ್ತಾ ಕೂತಿರುತ್ತಾರೆ. ಕೈ ಹಿಡಿದು ಕರೆದುಕೊಂಡು ಹೋಗಿ, ಅದೇ ಶಾಲೆಯಲ್ಲಿ ಓದಿದ ಇನ್ನೊಬ್ಬರ ಪಕ್ಕ ಕೂರಿಸಿ. "ಇವರೂ ಅಪ್ಪನ ಹತ್ತಿರ ಗಣಿತ ಕಲಿತವರು" ಅಂದರೆ ಸಾಕು, ಮಿಕ್ಕಿದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಊಟದ ವಿಷಯದಲ್ಲಿ ಅಡುಗೆಗಿಂತ ಗಡಿಯಾರದ ಕಡೆ ಜಾಸ್ತಿ ಗಮನ ಕೊಡಿ. ಒಂದು ಪಂಕ್ತಿಗೆ 100 ಎಲೆ ಹಿಡಿಯುವ ಹಾಲ್ ಆದರೆ 300 ಜನಕ್ಕೆ ಮೂರು ಪಂಕ್ತಿ. ಎಲೆ ತೆಗೆದು ಒರೆಸುವುದೂ ಸೇರಿ ಪಂಕ್ತಿಗೆ 45 ನಿಮಿಷ ಇಟ್ಟುಕೊಳ್ಳಿ. ಹನ್ನೆರಡೂಕಾಲಿಗೆ ಶುರು ಮಾಡಿದರೂ ಕೊನೆಯವರು ಕೂರುವುದು ಒಂದೂಮುಕ್ಕಾಲಿಗೆ. ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಂಡವರಿಗೆ ಊಟ ತಡವಾದರೆ ಸಕ್ಕರೆ ಇಳಿದು ತಲೆ ಸುತ್ತು ಬರುತ್ತದೆ. ಹಾಗಾಗಿ ಮೊದಲ ಪಂಕ್ತಿ ವಯಸ್ಸಾದವರದು. ಎಲೆ ಮುಂದೆ ಕೂತವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಲ್ಲುತ್ತಾರಲ್ಲ, ಅದಕ್ಕೆ ಮಾತ್ರ ಅವಕಾಶ ಕೊಡಲೇಬೇಡಿ. ಹಲ್ಲಿಲ್ಲದ ಅಜ್ಜಿ ಅರ್ಧ ಊಟಕ್ಕೇ ಎದ್ದುಬಿಡುತ್ತಾರೆ. ಊಟದ ಹಾಲ್ ಬಾಗಿಲಲ್ಲಿ ನಿಮ್ಮ ತಮ್ಮ ನಿಲ್ಲಲಿ. ಬಡಿಸುವುದನ್ನು ಕೇಟರಿಂಗಿನವರೇ ಮಾಡಲಿ, ಆದರೆ "ನಿಧಾನವಾಗಿ ಆಗಲಿ, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಅಂತ ಸಾಲಿನ ಉದ್ದಕ್ಕೂ ಹೇಳಿಕೊಂಡು ಹೋಗುವುದು ಮನೆಯವರ ಕೆಲಸ.

ಆರ್ಕೆಸ್ಟ್ರಾ ಬೇಡವೇ ಬೇಡ. ಕಿವಿಗೆ ಯಂತ್ರ ಹಾಕಿಕೊಂಡವರಿಗೆ ಮಾತಿನ ಜೊತೆ ಸುತ್ತಲಿನ ಗದ್ದಲವೂ ದೊಡ್ಡದಾಗಿ ಕೇಳುತ್ತದೆ. ಪಕ್ಕದವರ ಒಂದು ಮಾತೂ ತಿಳಿಯುವುದಿಲ್ಲ. ಪೂಜೆಯ ಹೊತ್ತಿಗೆ ನಾಗಸ್ವರ ಸಾಕು.

ಛತ್ರವನ್ನು ಈ ವಾರವೇ ಇನ್ನೊಮ್ಮೆ ನೋಡಿಕೊಂಡು ಬನ್ನಿ. ಊಟದ ಹಾಲ್ ನೆಲಮಾಳಿಗೆಯಲ್ಲಿದ್ದರೆ ಲಿಫ್ಟ್ ಓಡುತ್ತದೆಯೇ, ಕಮೋಡ್ ಎಷ್ಟು ದೂರ, ಕೇಳಿ. ಗಾಲಿ ಕುರ್ಚಿಗೆ ಹಲಗೆಯ ಇಳಿಜಾರು ಹಾಕಿಸುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅದಕ್ಕಿಂತ ಗಿಡ್ಡವಾದರೆ ತಳ್ಳುವುದು ಕಷ್ಟ, ಇಳಿಸುವಾಗ ಅಪಾಯ.

ತಾಂಬೂಲದ ಚೀಲ ಕೊಡುವ ಕಡೆ ನಿಮ್ಮ ಅಣ್ಣ ಇರಲಿ. ನಮ್ಮಲ್ಲಿ ಹೊರಡುವವರು "ಬರ್ತೀನಿ" ಅಂತಲೇ ಹೇಳುತ್ತಾರೆ. "ಹೋಗಿ ಬನ್ನಿ" ಅನ್ನಲು ಅಲ್ಲಿ ಒಬ್ಬರು ಇರಲೇಬೇಕು. ಹೊರಗೆ ಒಂದು ಕಾರನ್ನೂ ತಾಳ್ಮೆಯ ಹುಡುಗನೊಬ್ಬನನ್ನೂ ಸಂಜೆಯ ತನಕ ಇಟ್ಟುಕೊಳ್ಳಿ. ದೂರದ ಊರಿನವರನ್ನು ಅವನು ಬಸ್ ಸ್ಟ್ಯಾಂಡಿಗೆ ಬಿಡಲಿ, ಚೀಲ ಎತ್ತಿಕೊಡಲಿ, ಕಿಟಕಿ ಪಕ್ಕ ಸೀಟು ಹಿಡಿದುಕೊಡಲಿ. ಬಸ್ಸು ಹೊರಡುವ ತನಕ ಅಲ್ಲೇ ನಿಂತಿರಲಿ.

– ಸಂಪಾದಕ