ಹೇಳಿದ ದಿನಕ್ಕೆ ಕೆಲಸ ಮುಗಿಯದಿದ್ದಾಗ

ಪ್ರಶ್ನೆ: ನಾನೊಬ್ಬಳೇ ಸಣ್ಣ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಹೊಲಿಗೆಯ ಬಗ್ಗೆ ದೂರಿಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಸಿದ್ಧವಿಲ್ಲದಿದ್ದರೆ ಗಿರಾಕಿಗಳು ಎಲ್ಲರೆದುರು ಕೂಗಾಡುತ್ತಾರೆ. ಅವರನ್ನು ಸಮಾಧಾನಪಡಿಸುವುದು ಹೇಗೆ?

ಉತ್ತರ: ಗಿರಾಕಿ ಅಂಗಡಿಗೆ ಬಂದ ಮೇಲೆ ಸಮಾಧಾನ ಹೇಳಹೊರಟರೆ ಆಗಲೇ ತಡವಾಗಿರುತ್ತದೆ. ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ ಅವರು 1985ರಲ್ಲಿ ಕಾಯುವವರ ಮನಃಸ್ಥಿತಿಯನ್ನು ಕುರಿತು ಬರೆಯುತ್ತ, ಎಷ್ಟು ಹೊತ್ತೆಂದು ತಿಳಿಯದ ಮತ್ತು ಕಾರಣ ತಿಳಿಸದ ಕಾಯುವಿಕೆ ಇರುವುದಕ್ಕಿಂತ ದೀರ್ಘವೆನಿಸುತ್ತದೆ ಎಂದು ಗುರುತಿಸಿದ್ದರು. ಆದ್ದರಿಂದ ಕೆಲಸ ಹಿಂದೆ ಬಿದ್ದಿದೆಯೆಂದು ನಿಮಗೆ ತಿಳಿದ ದಿನವೇ ಫೋನ್ ಮಾಡಿ, ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ, ಹೊಸ ದಿನಾಂಕವನ್ನು ಕೊಡಿ. "ನಾಳೆ ಬನ್ನಿ" ಎಂಬ ಮಾತನ್ನು ಮಾತ್ರ ಬಿಟ್ಟುಬಿಡಿ. ಅದನ್ನು ನಂಬುವವರು ಈಗ ಯಾರೂ ಉಳಿದಿಲ್ಲ.

ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳುಗಳ ಲೆಕ್ಕದ ಪಕ್ಕದಲ್ಲೇ ಎರಡು ದಿನಾಂಕಗಳನ್ನು ಬರೆದಿಡಿ: ಒಂದು ನೀವು ಮುಗಿಸಬಹುದಾದ ದಿನ, ಇನ್ನೊಂದು ಗಿರಾಕಿಗೆ ಹೇಳುವ, ತುಸು ಮುಂದಿನ ದಿನ. ಮದುವೆಯಂಥ ಸಮಾರಂಭದ ಬಟ್ಟೆಯಾದರೆ ಸಮಾರಂಭದ ದಿನವನ್ನೂ ಕೇಳಿ ಬರೆದುಕೊಳ್ಳಿ, ಏಕೆಂದರೆ ಅಲ್ಲಿ ತಡವಾದರೆ ಯಾವ ಕ್ಷಮೆಯೂ ಸಾಲದು.

ಇಷ್ಟಾದರೂ ಒಬ್ಬರು ಕೂಗಾಡಿದರೆ, ಅವರ ಮಾತು ಮುಗಿಯುವವರೆಗೆ ಹೊಲಿಗೆ ಯಂತ್ರವನ್ನು ನಿಲ್ಲಿಸಿ ಕೇಳಿಸಿಕೊಳ್ಳಿ. ಪೆಡಲ್ ತುಳಿಯುತ್ತಲೇ ಕೊಡುವ ಉತ್ತರ, ಅದೆಷ್ಟೇ ವಿನಯದ್ದಾಗಿದ್ದರೂ, ಉಡಾಫೆಯಂತೆ ಕೇಳಿಸುತ್ತದೆ. ತಪ್ಪು ನಿಮ್ಮದಾಗಿದ್ದರೆ ಅದನ್ನು ಒಪ್ಪಿಕೊಂಡು, ಸಿದ್ಧವಾದ ಬಟ್ಟೆಯನ್ನು ಅವರು ಹೇಳಿದಲ್ಲಿಗೆ ತಲುಪಿಸುವ ಹೊಣೆಯನ್ನು ನೀವೇ ಹೊತ್ತುಕೊಳ್ಳಿ.