ಹಾಸ್ಟೆಲ್ ರೂಮಿನ ಕೇಬಲ್ ಇಂಟರ್ನೆಟ್: 169.254 ಬಂದರೆ ಏನು ಮಾಡಬೇಕು

ನೀವು ಹೇಳಿದ್ದು ಇಷ್ಟು: ಗೋಡೆಯ ಸಾಕೆಟ್‌ಗೆ ಕೇಬಲ್ ಹಾಕಿದರೆ ಲ್ಯಾಪ್‌ಟಾಪಿನಲ್ಲಿ 'ಅನ್‌ಐಡೆಂಟಿಫೈಡ್ ನೆಟ್‌ವರ್ಕ್' ಅಂತ ಬರುತ್ತದೆ, ಐಪಿ ಅಡ್ರೆಸ್ 169.254 ಇಂದ ಶುರುವಾಗುತ್ತದೆ, ಪಕ್ಕದ ರೂಮಿನಲ್ಲಿ ಎಲ್ಲ ಸರಿಯಿದೆ, ಡ್ರೈವರ್ (ಕೇಬಲ್ ಪೋರ್ಟನ್ನು ನಡೆಸುವ ಸಾಫ್ಟ್‌ವೇರ್) ಮತ್ತೆ ಹಾಕಿದರೂ ಉಪಯೋಗವಾಗಲಿಲ್ಲ. ಈ ಚರ್ಚೆಯಲ್ಲಿ ಮೇಲೆ ಒಬ್ಬರು ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿ ಅಂದಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಸುಮ್ನೆ ಒಂದು ದಿನ ಹಾಳು.

ಆ 169.254 ಅರ್ಧ ಉತ್ತರವನ್ನು ಹೇಳಿಬಿಟ್ಟಿದೆ. ಕೇಬಲ್ ಹಾಕಿದ ಕೂಡಲೇ ಲ್ಯಾಪ್‌ಟಾಪ್ 'ನನಗೊಂದು ಅಡ್ರೆಸ್ ಕೊಡಿ' ಅಂತ ನೆಟ್‌ವರ್ಕಿನ ಡಿಎಚ್‌ಸಿಪಿ ಸರ್ವರನ್ನು (ಎಲ್ಲರಿಗೂ ಐಪಿ ಅಡ್ರೆಸ್ ಹಂಚುವ ಯಂತ್ರ) ಕೇಳುತ್ತದೆ. ಯಾರೂ ಉತ್ತರಿಸದಿದ್ದರೆ ತಾನೇ ಒಂದು ಅಡ್ರೆಸ್ ಇಟ್ಟುಕೊಳ್ಳುತ್ತದೆ, ಅದೇ ಈ 169.254. ಅಂದರೆ ನಿಮ್ಮ ಡ್ರೈವರ್ ಕೆಲಸ ಮಾಡುತ್ತಿದೆ, ಕೇಬಲಿನ ಆ ಕಡೆ ಏನೋ ಒಂದು ಸಿಕ್ಕಿದೆ. ಕೇಬಲ್ ಪೂರ್ತಿ ಸತ್ತಿದ್ದರೆ ವಿಂಡೋಸ್ 'ಮೀಡಿಯಾ ಡಿಸ್‌ಕನೆಕ್ಟೆಡ್' ಅನ್ನುತ್ತಿತ್ತು. ಲ್ಯಾಪ್‌ಟಾಪ್ ಕೇಳಿದ್ದು ಸರ್ವರಿಗೆ ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ನಿಮ್ಮನ್ನು ಒಳಗೆ ಬಿಡುತ್ತಿಲ್ಲ.

ಈಗ ನಿಮ್ಮ ಲ್ಯಾಪ್‌ಟಾಪನ್ನು ನಿಮ್ಮದೇ ಕೇಬಲ್ ಜೊತೆ ಪಕ್ಕದ ರೂಮಿಗೆ ಒಯ್ದು ಅವರ ಸಾಕೆಟ್‌ಗೆ ಹಾಕಿ. ಅಲ್ಲಿ ಬಂದರೆ ನಿಮ್ಮ ಸಾಕೆಟ್ಟಿನದೇ ತೊಂದರೆ, ಅದು ನಿಮ್ಮ ಕೈಯಲ್ಲಿಲ್ಲ. ಅಲ್ಲೂ ಬರದಿದ್ದರೆ ಅವರ ಕೇಬಲ್ ಹಾಕಿ ನೋಡಿ. ಆಗಲೂ ಇಲ್ಲ ಅಂದರೆ ಲ್ಯಾಪ್‌ಟಾಪ್ ಅಥವಾ ಹಾಸ್ಟೆಲ್ ನೆಟ್‌ವರ್ಕಿನಲ್ಲಿ ನಿಮ್ಮ ಲ್ಯಾಪ್‌ಟಾಪಿನ ನೋಂದಣಿಯ ಕಡೆ ನೋಡಬೇಕು. ಒಂದು ಎಚ್ಚರಿಕೆ: ಕೆಲವು ಕಡೆ ಒಂದು ಸಾಕೆಟ್‌ಗೆ ಒಂದೇ ಸಾಧನ ಅಂತ ಲಾಕ್ ಮಾಡಿರುತ್ತಾರೆ, ಬೇರೆಯದನ್ನು ಹಾಕಿದರೆ ಆ ಪೋರ್ಟ್ ಮುಚ್ಚಿಹೋಗುತ್ತದೆ, ಪಾಪ ಪಕ್ಕದವರಿಗೂ ನೆಟ್ ಹೋಗುತ್ತದೆ. ಹಾಗಾಗಿ ಮೊದಲು ನಿಯಮ ಕೇಳಿಕೊಳ್ಳಿ.

ನನ್ನ ಅನುಮಾನ ಜಾಸ್ತಿ ಇರುವುದು ನೋಂದಣಿಯ ಮೇಲೆ. ಹಾಸ್ಟೆಲ್ ನೆಟ್‌ವರ್ಕ್‌ಗಳಲ್ಲಿ ಸಾಮಾನ್ಯವಾಗಿ ಮ್ಯಾಕ್ ಅಡ್ರೆಸ್ (ಪ್ರತಿ ನೆಟ್‌ವರ್ಕ್ ಪೋರ್ಟಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟು ನೋಂದಾಯಿಸಬೇಕು. ಒಂದೇ ಲ್ಯಾಪ್‌ಟಾಪಿನಲ್ಲಿ ವೈಫೈಗೆ ಒಂದು ಮ್ಯಾಕ್, ಕೇಬಲ್ ಪೋರ್ಟಿಗೆ ಇನ್ನೊಂದು. ಬಹಳ ಜನ ವೈಫೈಯದನ್ನು ಕೊಟ್ಟು ಬಂದು ಕೇಬಲ್ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಪೋರ್ಟ್ ಇಲ್ಲದ ತೆಳ್ಳಗಿನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿದ್ದರೆ ಆ ಅಡಾಪ್ಟರಿಗೇ ಬೇರೆ ಮ್ಯಾಕ್ ಇರುತ್ತದೆ, ಅಡಾಪ್ಟರ್ ಬದಲಾಯಿಸಿದರೆ ನೋಂದಣಿಯೂ ಮತ್ತೆ ಆಗಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್ ಸ್ಲ್ಯಾಶ್ ಆಲ್' (ipconfig /all) ಕೊಟ್ಟು, 'ಎತರ್ನೆಟ್' ಅಂತ ಇರುವ ಭಾಗದಲ್ಲಿ 'ಫಿಸಿಕಲ್ ಅಡ್ರೆಸ್' ಎದುರಿಗಿರುವ 12 ಅಕ್ಷರಗಳನ್ನು ಬರೆದುಕೊಳ್ಳಿ. ಅದನ್ನೇ ಕೊಟ್ಟಿದ್ದೀರಾ ನೋಡಿ.

ಕೇಬಲ್ ಹಾಕಿದರೂ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ನೆಟ್‌ವರ್ಕ್‌ಗಳೂ ಇವೆ, 802.1ಎಕ್ಸ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಅದಕ್ಕೆ 'ವೈರ್ಡ್ ಆಟೋಕಾನ್ಫಿಗ್' ಎಂಬ ಸರ್ವಿಸ್ ಬೇಕು. ಸಾಮಾನ್ಯವಾಗಿ ಅದು ತಾನಾಗಿ ಶುರುವಾಗುವುದಿಲ್ಲ, ಸರ್ವಿಸಸ್‌ಗೆ ಹೋಗಿ ನಾವೇ ಶುರು ಮಾಡಬೇಕು. ಆಮೇಲೇ ಅಡಾಪ್ಟರ್ ಪ್ರಾಪರ್ಟೀಸ್‌ನಲ್ಲಿ 'ಅಥೆಂಟಿಕೇಶನ್' ಟ್ಯಾಬ್ ಕಾಣಿಸುತ್ತದೆ. ನಿಮ್ಮ ಹಾಸ್ಟೆಲಿನವರು ಕೊಟ್ಟ ಕಾಗದದಲ್ಲಿ ಇದರ ಹೆಸರಿದ್ದರೆ ಮಾತ್ರ ಕೈ ಹಾಕಿ.

ಇನ್ನು ರೌಟರ್. ರೂಮಿನಲ್ಲಿ ಸ್ವಂತ ರೌಟರ್ ಇಡಬಹುದಾ ಅಂತ ಕೇಳಿದ್ದೀರಿ. ಮೊದಲು ಅನುಮತಿ ಇದೆಯಾ ನೋಡಿ. ಇದ್ದರೆ ಗೋಡೆಯ ಕೇಬಲ್ ರೌಟರಿನ 'ವ್ಯಾನ್' (ಹೊರಗಿನ ನೆಟ್‌ವರ್ಕಿನ ಕಡೆಯ) ಪೋರ್ಟಿಗೇ ಹೋಗಬೇಕು. ತಪ್ಪಿ 'ಲ್ಯಾನ್' (ರೂಮಿನೊಳಗಿನ ಸಾಧನಗಳ ಕಡೆಯ) ಪೋರ್ಟಿಗೆ ಹಾಕಿದರೆ ನಿಮ್ಮ ರೌಟರ್ ಇಡೀ ಮಹಡಿಯವರಿಗೆ ಅಡ್ರೆಸ್ ಹಂಚಲು ಶುರು ಮಾಡಬಹುದು, ಅದನ್ನು ತೆಗೆದುಕೊಂಡ ಯಾರಿಗೂ ಇಂಟರ್ನೆಟ್ ಬರುವುದಿಲ್ಲ. ಪರೀಕ್ಷೆ ಸಮಯದಲ್ಲಿ ಹೀಗಾದರೆ ಎಷ್ಟು ಜನಕ್ಕೆ ತೊಂದರೆ ಯೋಚಿಸಿ. ನಿಮ್ಮ ಐಪಿ ಇದ್ದಕ್ಕಿದ್ದಂತೆ 192.168 ಇಂದ ಶುರುವಾಗಿ, ಪಕ್ಕದವರದ್ದು ಬೇರೆ ಥರ ಇದ್ದರೆ, ಬೇರೆ ಯಾರೋ ಹೀಗೆ ಮಾಡಿರುವ ಸಾಧ್ಯತೆ ಇದೆ.

ಸರಿಯಾದ ಅಡ್ರೆಸ್ ಬಂದ ಮೇಲೂ ಪುಟಗಳು ತೆರೆಯದಿದ್ದರೆ ಲಾಗಿನ್ ಪುಟ ಬಾಕಿ ಇದೆಯೇನೋ ನೋಡಿ. ವಿಪಿಎನ್ ಆಫ್ ಮಾಡಿ. ಕೈಯಾರೆ ಹಾಕಿದ ಡಿಎನ್‌ಎಸ್ (ವೆಬ್‌ಸೈಟಿನ ಹೆಸರನ್ನು ಐಪಿ ಅಡ್ರೆಸ್ಸಾಗಿ ಬದಲಿಸುವ ವ್ಯವಸ್ಥೆ) ಇದ್ದರೆ ತೆಗೆದು ಆಟೋಮ್ಯಾಟಿಕ್‌ಗೆ ಬಿಡಿ, ಅದಿದ್ದರೆ ಲಾಗಿನ್ ಪುಟ ಬರದೇ ಇರಬಹುದು. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8 ಗೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದಾ ಅಂತ ಕೇಳಿ ನೋಡಿ. ಅದಕ್ಕೆ ಉತ್ತರ ಬಂದು, ಹೆಸರು ಕೊಟ್ಟು ಮಾಡಿದ ಪಿಂಗ್ ಮಾತ್ರ ಸೋತರೆ ತೊಂದರೆ ಡಿಎನ್‌ಎಸ್‌ನಲ್ಲೇ.

ಸ್ಪೀಡ್ ಬಗ್ಗೆಯೂ ಕೇಳಿದ್ದಿರಿ ಅಲ್ವಾ, ಪಕ್ಕದವರಿಗೆ 1 ಗಿಗಾಬಿಟ್ ಲಿಂಕ್ ಬಂದು ನಿಮಗೆ 100 ಮೆಗಾಬಿಟ್‌ಗೇ ನಿಂತರೆ ಮೊದಲು ಕೇಬಲ್ ಬದಲಿಸಿ. ಗಿಗಾಬಿಟ್‌ಗೆ ಒಳಗಿನ 8 ತಂತಿಗಳೂ ಬೇಕು, 100ಕ್ಕೆ 4 ಸಾಕು. ಮಂಚದ ಕಾಲಿನ ಕೆಳಗೆ ಸಿಕ್ಕಿ ಒಂದು ತಂತಿ ಮುರಿದರೂ ಹೀಗಾಗಬಹುದು.

ಇಷ್ಟೆಲ್ಲ ನೋಡಿ ಆಗದಿದ್ದರೆ ಹಾಸ್ಟೆಲ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಬರೆಯಿರಿ. 'ನೆಟ್ ಬರುತ್ತಿಲ್ಲ' ಅಂತ ಮಾತ್ರ ಬರೆದರೆ ಅವರಿಗೂ ಏನೂ ತಿಳಿಯುವುದಿಲ್ಲ. ರೂಮ್ ನಂಬರ್, ಸಾಕೆಟ್ ಮೇಲೆ ಅಂಟಿಸಿದ ನಂಬರ್, ಮ್ಯಾಕ್ ಅಡ್ರೆಸ್, ಬಂದ ಐಪಿ, ಪೋರ್ಟಿನ ದೀಪ ಉರಿಯುತ್ತಿದೆಯಾ, ಪಕ್ಕದ ರೂಮಿನಲ್ಲಿ ಏನಾಯಿತು, ಎಲ್ಲ ಒಂದೇ ಪತ್ರದಲ್ಲಿ ಹಾಕಿ. ಆ ಸಾಕೆಟ್ ನಂಬರ್ ಇದ್ದರೆ ಅವರು ಸ್ವಿಚ್ಚಿನಲ್ಲಿ (ಎಲ್ಲ ರೂಮುಗಳ ಕೇಬಲ್ ಸೇರುವ ಪೆಟ್ಟಿಗೆ) ನಿಮ್ಮ ಪೋರ್ಟ್ ಯಾವುದು, ಅದು ಮುಚ್ಚಿದೆಯಾ ಅಂತ ಕೂತಲ್ಲೇ ನೋಡಬಹುದು. ಏನಾಯಿತು ಅಂತ ಇಲ್ಲೇ ತಿಳಿಸಿ, 'ಐಪಿಕಾನ್ಫಿಗ್' ಚಿತ್ರ ಹಾಕಿದರೆ ನಾನೂ ನೋಡುತ್ತೇನೆ.