ಮೋರೋ ಕ್ರಿಸ್‌ಗೆ ತಂತಿ ಬ್ರಷ್ ಹಾಕಬೇಡಿ

ಸರ್, ನ್ಯೂಜೆರ್ಸಿಯಲ್ಲಿ ಹಳೆ ಸಾಮಾನಿನ ಮಾರಾಟದಲ್ಲಿ ಸಿಕ್ಕ ಕತ್ತಿಯ ಫೋಟೋ ಹಾಕಿ, "ತುಕ್ಕು ಹಿಡಿದಿದೆ, ಹಿಡಿ ಅಲ್ಲಾಡ್ತಿದೆ, ತಂತಿ ಬ್ರಷ್ ಹಾಕಿ ಪಾಲಿಶ್ ಮಾಡಿಸ್ಲಾ?" ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಅದು ಮೋರೋ ಕ್ರಿಸ್. ದಕ್ಷಿಣ ಫಿಲಿಪ್ಪೀನ್ಸ್‌ನ ಮಿಂಡನಾವ್, ಸುಲು ದ್ವೀಪಗಳ ಮೋರೋ ಅನ್ನುವ ಮುಸ್ಲಿಂ ಜನರದ್ದು. ಜಾವಾದ ಕ್ರಿಸ್ ಚಿಕ್ಕದು, ತಿವಿಯುವುದಕ್ಕೆ. ಇದು ದೊಡ್ಡದು, ಕಡಿಯುವುದಕ್ಕೂ ಆಗುತ್ತದೆ. ಅಮೆರಿಕನ್ ಸೈನ್ಯಕ್ಕೂ ಮೋರೋಗಳಿಗೂ ಸುಲುವಿನಲ್ಲಿ ನಡೆದ 1906ರ ಬುಡ್ ದಾಜೋ, 1913ರ ಬುಡ್ ಬಗ್ಸಾಕ್ ಕಾಳಗಗಳ ಕಾಲದಲ್ಲಿ ಅಲ್ಲಿದ್ದ ಅಮೆರಿಕನ್ ಸೈನಿಕರು ಇಂಥವನ್ನು ಮನೆಗೆ ತಂದರು. ಅದಕ್ಕೇ ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಸಿಗುವುದು.

ಹಿಡಿಯ ಹತ್ತಿರ, ಅಲಗು ಅಗಲವಾಗುವ ಕಡೆ ಭೂತಗನ್ನಡಿ ಹಿಡಿದು ನೋಡಿ. ಅಡ್ಡಡ್ಡ ಒಂದು ಸಣ್ಣ ಗೆರೆ ಇರಬೇಕು. ಗೆರೆಯಿಂದ ಹಿಡಿಯ ಕಡೆಗಿರುವ ತುಂಡಿಗೆ ಗಾಂಗ್ಯಾ ಅನ್ನುತ್ತಾರೆ. ಹಳೆಯ ಕತ್ತಿಗಳಲ್ಲಿ ಅದು ಬೇರೆಯದೇ ತುಂಡು. ಆಮೇಲಿನವುಗಳಲ್ಲಿ ಸುಮ್ನೆ ಗೆರೆ ಕೊರೆದಿರುತ್ತಾರೆ. ಅಲ್ಲೇ ಅಂಚಿನಲ್ಲಿ ಆನೆ ಸೊಂಡಿಲಿನಂಥ ಕೊಕ್ಕೆ ಇದೆ, ಅಲ್ವಾ? ನಾನು ಕೊಂಡ ಮೊದಲ ಕ್ರಿಸ್ಸನ್ನು ಉತ್ಸಾಹದಲ್ಲಿ ಗ್ರೈಂಡರಿನ ತಂತಿ ಚಕ್ರಕ್ಕೆ ಕೊಟ್ಟೆ. ಹತ್ತು ನಿಮಿಷದಲ್ಲಿ ಸೊಂಡಿಲು ಸವೆದು ಮೊಂಡಾಯಿತು. ಕಬ್ಬಿಣ ಹೊಳೆಯಿತು, ಕತ್ತಿ ಹೋಯಿತು.

ಕೆಂಪು ತುಕ್ಕು ಮಾತ್ರ ತೆಗೆಯಿರಿ, ಕಪ್ಪು ಪದರ ಇರಲಿ. ಮೆಷಿನ್ ಆಯಿಲ್ ಹಚ್ಚಿ ಎರಡು ದಿನ ಬಿಡಿ. ಆಮೇಲೆ ನಾಲ್ಕು ಸೊನ್ನೆ (0000) ನಂಬರಿನ ಸ್ಟೀಲ್ ವುಲ್, ಅಂದರೆ ತೀರಾ ಸಣ್ಣ ಉಕ್ಕಿನ ನಾರಿನಿಂದ, ಅಲಗಿನ ಉದ್ದಕ್ಕೇ ಮೆಲ್ಲಗೆ ಉಜ್ಜಿ. ಗಟ್ಟಿ ಗಂಟಿದ್ದರೆ ಹಿತ್ತಾಳೆ ಚೂರಿನಿಂದ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ.

ಪದರ ಪದರವಾಗಿ ಬಡಿದ ಉಕ್ಕಾದರೆ ಒಳಗೆ ಮರದ ನಾರಿನಂಥ ವಿನ್ಯಾಸ ಇರಬಹುದು. ಉಗುರಗಲ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಬೆಚ್ಚಗಿನ ವಿನೆಗರ್‌ನಲ್ಲಿ ಅದ್ದಿದ ಹತ್ತಿ ಇಟ್ಟು ನೋಡಿ. ಬೂದು ಗೆರೆ ಮೂಡಿದರೆ ಅಲ್ಲಿಗೇ ನಿಲ್ಲಿಸಿ, ಅಡುಗೆ ಸೋಡಾ ನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ನಿಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ.

ಹಿಡಿ ಎಳೆಯಬೇಡಿ. ಅದರೊಳಗೆ ಹೋಗಿರುವ ಅಲಗಿನ ಬಾಲ ತೆಳ್ಳಗಿರುತ್ತದೆ, ಮುರಿದರೆ ಮುಗಿಯಿತು. ಅದನ್ನು ಕೂರಿಸಿರುವುದು ರಾಳದಲ್ಲಿ, ನಮ್ಮ ಕಡೆ ಕತ್ತಿಗೆ ಅರಗು ಹಾಕುವ ಹಾಗೆ. ತೀರಾ ಸಡಿಲ ಇದ್ದರೆ ಹೇರ್ ಡ್ರೈಯರ್‌ನಿಂದ ಬುಡದ ಲೋಹ ಕಾಯಿಸಿ. ರಾಳ ಮೆತ್ತಗಾಗಿ ಮತ್ತೆ ಕೂರಬಹುದು. ಎಪಾಕ್ಸಿ ಮಾತ್ರ ಹಾಕಬೇಡಿ, ಮುಂದೆ ಯಾರೂ ಬಿಚ್ಚಲಾರರು. ಅಲಗನ್ನೂ ಹಿಡಿಯನ್ನೂ ಸೇರಿಸುವ ಲೋಹದ ಪಟ್ಟಿ, ಅಸಾಂಗ್ ಅಸಾಂಗ್, ಬಿದ್ದು ಹೋಗಿದ್ದರೆ ಚೂರನ್ನೂ ಎತ್ತಿಡಿ.

ಒರೆ ಎರಡು ಮರದ ಹಲಗೆ ಸೇರಿಸಿ ಬೆತ್ತ ಸುತ್ತಿದ್ದು. ಕತ್ತಿ ಎಳೆಯುವಾಗ ಬೆರಳು ಒರೆಯ ಸುತ್ತ ಬಳಸಬೇಡಿ. ಹಲಗೆ ಬಿಟ್ಟುಕೊಂಡಿದ್ದರೆ ಅಂಚು ಆ ಸಂದಿನಿಂದಲೇ ಬೆರಳು ಕೊಯ್ಯುತ್ತದೆ. ಕತ್ತಿಯನ್ನು ಒರೆಯಲ್ಲೇ ಬಿಡಲೂ ಬೇಡಿ, ಮರ ತೇವ ಹಿಡಿಯುತ್ತದೆ.

ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರ್ತೀನಿ ಅಂದಿರಲ್ಲ, ಅದು ಬೇಡ. 1959ರ ಶಸ್ತ್ರಾಸ್ತ್ರ ಕಾಯಿದೆ ಪ್ರಕಾರ ಆಯುಧ ದೇಶದೊಳಗೆ ತರಲು ಪರವಾನಗಿ ಬೇಕು. ಮೊದಲು ಗಾಂಗ್ಯಾ ಹತ್ತಿರದ ಫೋಟೋ ಒಂದು, ಹಗಲು ಬೆಳಕಲ್ಲಿ ತೆಗೆದು ಹಾಕಿ.